ಚೀಟಿಯೊಳಗಿನ ಬಾವಿ ಯಾರದು?

ಕಥಾ ಕಮ್ಮಟಗಳಲ್ಲಿ ಚೀಟಿ ಎತ್ತಿಸುವುದು ಈಗ ರೂಢಿಯಾಗಿದೆ. ಒಂದು ಡಬ್ಬಿಯಲ್ಲಿ ಮಡಚಿದ ಚೀಟಿಗಳಿರುತ್ತವೆ. ಕೈಹಾಕಿ ಒಂದನ್ನು ತೆಗೆಯಬೇಕು, ಅದರಲ್ಲಿರುವ ಒಂದೆರಡು ಸಾಲು ಹಿಡಿದು ಅರ್ಧ ತಾಸಿನೊಳಗೆ ಒಂದು ಪಾತ್ರವನ್ನೋ ಒಂದು ಸನ್ನಿವೇಶವನ್ನೋ ಕಟ್ಟಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಪ್ರಾಂಪ್ಟ್ ಅಂತಾರೆ. ನಮ್ಮ ಹುಡುಗರು ಚೀಟಿ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ.

ರಾಣೇಬೆನ್ನೂರಿನ ಒಂದು ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಎಲ್ಲೋ ಕಲಿತದ್ದನ್ನು ಇಲ್ಲಿ ಮಾಡಿ ನೋಡೋಣ ಅಂತ ಒಂದು ದಿನ ನಾನೂ ಡಬ್ಬಿ ತಂದೆ. ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿಗೆ ಬಂದ ಚೀಟಿ ಹೀಗಿತ್ತು: ‘ಬಾವಿಕಟ್ಟೆಯ ಹತ್ತಿರ ಇಬ್ಬರು ಹೆಂಗಸರು ಭೇಟಿಯಾಗುತ್ತಾರೆ. ಅವರಲ್ಲಿ ಒಬ್ಬಳ ಬಳಿ ಒಂದು ಗುಟ್ಟಿದೆ.’ ಹುಡುಗಿ ಹತ್ತು ನಿಮಿಷ ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು. ಆಮೇಲೆ ಎದ್ದು ಕೇಳಿದಳು: “ಯಾವ ಬಾವಿರೀ ಸರ? ಊರಾಗಿಂದೋ, ನಮ್ಮ ಓಣ್ಯಾಗಿಂದೋ?”

ತರಗತಿ ನಕ್ಕಿತು. ಯಾವುದಾದರೂ ಆಗಲಿ ಬರೀವಾ ಅಂದೆ. “ಯಾವುದಾದ್ರೂ ಆಗಂಗಿಲ್ರಿ. ಊರಾಗಿನ ಬಾವಿ ಆದ್ರ ಗುಟ್ಟು ಬ್ಯಾರೆ ಆಗತೈತಿ. ಆ ಇಬ್ಬರೂ ಅಲ್ಲಿ ಹೆಂಗ ನಿಂತ್ರು ಅನ್ನೋದ ಮೊದಲ ಗುಟ್ಟು” ಅಂದಳು.

ಈ ಲೇಖನದಲ್ಲಿ ನನಗೆ ಹೇಳಲಿಕ್ಕಿರುವುದು ಹೆಚ್ಚುಕಡಿಮೆ ಅವಳು ಹೇಳಿದ್ದೇ. ಚೀಟಿಯಲ್ಲಿ ‘ಒಬ್ಬ’, ‘ಒಬ್ಬಳು’, ‘ಒಂದು ಮನೆ’, ‘ಒಂದು ಬಾವಿ’ ಎಂದು ಬರೆದಿರುತ್ತದೆ. ಓದಲಿಕ್ಕೆ ಅದು ಎಲ್ಲರಿಗೂ ಸೇರಿದ ಮಾತಿನ ಹಾಗೆ ಕಾಣುತ್ತದೆ. ಆದರೆ ಜಾತಿಯ ಪ್ರಶ್ನೆಯೇ ಹುಟ್ಟದ ಕಡೆ ನಿಂತು ಬರೆಯುವವರಿಗೆ ಮಾತ್ರ ಅದು ಖಾಲಿ ಜಾಗ. ಉಳಿದವರಿಗೆ ಅಲ್ಲಿ ಆಗಲೇ ಯಾರೋ ಕೂತುಬಿಟ್ಟಿರುತ್ತಾರೆ.

ಇದು ನನಗೆ ತಡವಾಗಿ ತಿಳಿಯಿತು, ಅದೂ ನಾಚಿಕೆಯ ದಾರಿಯಿಂದ. ಎಂ.ಎ. ಓದುವಾಗ ಒಂದು ಕಮ್ಮಟಕ್ಕೆ ಹೋಗಿದ್ದೆ. ಎಲ್ಲಿ, ಯಾರು ನಡೆಸಿದ್ದು ಅನ್ನುವುದು ಇಲ್ಲಿ ಬೇಡ. ನನಗೆ ಬಂದ ಚೀಟಿ: ‘ನಿಮ್ಮ ಅಜ್ಜನ ಮನೆಯ ಪಡಸಾಲೆಯನ್ನು ಐದೂ ಇಂದ್ರಿಯಗಳಿಂದ ವರ್ಣಿಸಿ.’ ಕುಪ್ಪೇಲೂರಿನ ಕೇರಿಯಲ್ಲಿ ನನ್ನ ಅಜ್ಜನಿಗೆ ಇದ್ದದ್ದು ಒಂದೇ ಖೋಲಿ. ಅಡಿಗೆ, ಮಲಗುವುದು, ಬಾಣಂತನ, ಸಾವು ಎಲ್ಲ ಅದರೊಳಗೇ. ಪಡಸಾಲಿ ಅನ್ನುವುದನ್ನು ನಾನು ನೋಡಿದ್ದು ಗೌಡರ ಮನೆಯಲ್ಲಿ, ಅದೂ ಅಂಗಳದಿಂದ. ಆದರೂ ಬರೆದೆ. ಕೆತ್ತನೆ ಕಂಬ, ಕಂಬಕ್ಕೆ ಬೆನ್ನು ಕೊಟ್ಟು ಕೂತ ಅಜ್ಜ, ಎಲಿ ಅಡಿಕಿ ತಟ್ಟಿ, ದನದ ಮನಿಯಿಂದ ಬರುವ ಗಂಜಳದ ವಾಸನೆ. ಸಂಜೆ ಓದಿಸಿದರು. ‘ನೆಲದ ವಾಸನೆ ಇದೆ’ ಎಂದು ಒಬ್ಬ ಹಿರಿಯರು ಬೆನ್ನು ತಟ್ಟಿದರು. ರಾತ್ರಿ ನಿದ್ದೆ ಬರಲಿಲ್ಲ. ಮತ್ತೆ ತೆಗೆದು ಓದಿದರೆ, ನನ್ನ ಸನ್ನಿವೇಶದ ಅಂಗಳದಲ್ಲಿ ಕೈಕಟ್ಟಿಕೊಂಡು ನಿಂತ ಒಬ್ಬ ಆಳು ಇದ್ದ. ಅವನಿಗೆ ನಾನು ಹೆಸರು ಇಟ್ಟಿರಲಿಲ್ಲ, ಮಾತು ಕೊಟ್ಟಿರಲಿಲ್ಲ. ಅಂವನೇ ನನ್ನ ಅಜ್ಜ.

ಚೀಟಿ ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಎಂದು ನಾನು ಒಪ್ಪುತ್ತೇನೆ. ತಕರಾರು ಇರುವುದು ಉದ್ದೇಶದ ಬಗ್ಗೆ ಅಲ್ಲ. ನಾನು ನನ್ನವನನ್ನೇ ಅಂಗಳದಲ್ಲಿ ನಿಲ್ಲಿಸಿ ಬರುವಂತೆ ಮಾಡುವ ಶಕ್ತಿ ಎರಡು ಸಾಲಿನ ಆ ಕಾಗದಕ್ಕೆ ಹೇಗೆ ಬಂತು ಎನ್ನುವುದರ ಬಗ್ಗೆ. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಬೇರೆ ಗೋಷ್ಠಿ ಕೊಡಲಿಲ್ಲ ಎಂದು ನಮ್ಮ ಹಿರಿಯರು ಸಿಡಿದೆದ್ದು ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದರು. ಈಗ ಗೋಷ್ಠಿಗೆ ಬರ ಇಲ್ಲ, ಕಮ್ಮಟಕ್ಕೂ ಕರೆಯುತ್ತಾರೆ. ಒಳಗೆ ಕೂತ ಮೇಲೆ ನಮ್ಮ ಕೈಗೆ ಬರುವ ಚೀಟಿ ಮಾತ್ರ ಹಳೆಯದೇ.

ಚೀಟಿ ಅನ್ನುವುದೇ ಪರದೇಶಿ ಪದ್ಧತಿ, ನಮಗೆ ಬೇಡ ಅನ್ನುವ ಗೆಳೆಯರಿದ್ದಾರೆ. ಅಮೆರಿಕದ ಅಯೋವಾದಲ್ಲಿ 1936ರಲ್ಲಿ ಶುರುವಾದ ಬರಹಗಾರರ ಕಮ್ಮಟದ ಹೆಸರು ಹೇಳಿ ಅವರು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಅವಧಾನದಲ್ಲಿ ಸಮಸ್ಯೆ ಕೊಟ್ಟು ಪದ್ಯ ತುಂಬಿಸುವುದು ಚೀಟಿಯಲ್ಲದೆ ಮತ್ತೇನು? ಅದು ಪಂಡಿತರದು ಅನ್ನುವುದಾದರೆ ನಮ್ಮ ಮದುವೆ ಮನೆಗೇ ಬರ್ರಿ. ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಹೊಸ ಮದುಮಗಳನ್ನು ಬಾಗಿಲಲ್ಲಿ ತಡೆದು ನಿಲ್ಲಿಸುತ್ತಾರಲ್ಲ, ಆ ಹುಡುಗಿ ಬೆಳ್ಳಿ ಬಟ್ಟಲು, ಬಾಳೆಹಣ್ಣು, ಅತ್ತೆಯ ಬೈಗುಳ ಎಲ್ಲವನ್ನೂ ಒಟ್ಟು ಮಾಡಿ ಅದರೊಳಗೆ ಒಂದು ಹೆಸರು ಕೂಡಿಸುತ್ತಾಳೆ. ಗೀಗೀ ಮೇಳದಲ್ಲಿ ಹರದೇಶಿಯವರು ಎಸೆದ ಸವಾಲಿಗೆ ನಾಗೇಶಿಯವರು ನಿಂತ ನಿಲುವಿನಲ್ಲೇ ಪದ ಕಟ್ಟಬೇಕು. ಕಟ್ಟಳೆ ಹಾಕಿ ಕಟ್ಟಿಸುವುದು ನಮಗೆ ಗೊತ್ತಿಲ್ಲದ್ದಲ್ಲ. ಒಡಪಿನಲ್ಲಿ ಕೇಳುವವರೂ ಹೇಳುವವರೂ ಒಂದೇ ಹೊಸ್ತಿಲ ಮಂದಿ. ಕಮ್ಮಟದಲ್ಲಿ ಹಾಗಲ್ಲ.

ರೈಲು ನಿಲ್ದಾಣದ ಚೀಟಿಯೊಂದು ಎಲ್ಲ ಕಮ್ಮಟಗಳಲ್ಲೂ ಇರುತ್ತದೆ. ‘ನಿಲ್ದಾಣದಲ್ಲಿ ಒಬ್ಬ ಹುಡುಗ ತನ್ನ ತಂದೆಗಾಗಿ ಕಾಯುತ್ತಿದ್ದಾನೆ. ತಂದೆ ಬರುವುದಿಲ್ಲ.’ ಇದಕ್ಕೆ ಹುಡುಗರು ಬರೆಯುವುದು ಬಹುತೇಕ ಒಂದೇ ಥರ: ಒಂಟಿತನ, ಮಳೆ, ದೂರ ಸರಿಯುವ ದೀಪ. ಇದೇ ಚೀಟಿ ನಿಜದಲ್ಲಿ ಒಬ್ಬರ ಬಾಳಿನೊಳಗೇ ಬಿದ್ದಿತ್ತು. ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ 1901ರ ಒಂದು ಪ್ರಯಾಣ ಬರೆದಿದ್ದಾರೆ. ಸಾತಾರಾ ಸೀಮೆಯ ಮಾಸೂರು ನಿಲ್ದಾಣ. (ನಮ್ಮ ಹಾವೇರಿ ಜಿಲ್ಲೆಯಲ್ಲೂ ಒಂದು ಮಾಸೂರು ಐತಿ, ಸರ್ವಜ್ಞನ ಹೆಸರಿನ ಕೂಡ ಕೇಳಿಬರುವ ಊರು. ಇದು ಅದಲ್ಲ.) ಹೊಸ ಅಂಗಿ, ಮಿಂಚುವ ಟೋಪಿ ತೊಟ್ಟ ಮಕ್ಕಳು ಅಪ್ಪನ ಆಳು ಬರುತ್ತಾನೆಂದು ಕಾಯುತ್ತಿದ್ದಾರೆ. ಸ್ಟೇಷನ್ ಮಾಸ್ತರ ಬಂದು ಅಕ್ಕರೆಯಿಂದಲೇ ವಿಚಾರಿಸುತ್ತಾನೆ. ಮಹಾರರು ಎಂದು ಹುಡುಗ ಹೇಳಿದ್ದೇ ತಡ, ಅವನ ಮುಖ ಬದಲಾಗುತ್ತದೆ. ಗಾಡಿಯವರು ಯಾರೂ ಒಪ್ಪುವುದಿಲ್ಲ. ಕಡೆಗೆ ಇಮ್ಮಡಿ ಬಾಡಿಗೆಗೆ ಒಬ್ಬ ಒಪ್ಪಿದರೂ ಗಾಡಿ ಹೊಡೆಯಬೇಕಾದವರು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬರುವವನು. ಬುತ್ತಿ ಇದೆ, ನೀರಿಲ್ಲ, ಹಾಗಾಗಿ ಊಟವೂ ಇಲ್ಲ. ಮುಸಲ್ಮಾನರೆಂದು ಹೇಳಿಕೊಂಡರೂ ಸುಂಕದ ಕಟ್ಟೆಯಲ್ಲಿ ನೀರು ಸಿಗುವುದಿಲ್ಲ.

ಇದನ್ನು ತರಗತಿಯಲ್ಲಿ ಓದಿಸಿದಾಗ ನಾನು ಕೇಳಿದ ಪ್ರಶ್ನೆ ಒಂದೇ: ಇಲ್ಲಿ ಪಾತ್ರ ಹುಟ್ಟಿದ್ದು ಯಾವ ಗಳಿಗೆಯಲ್ಲಿ? ಹುಡುಗನ ಮನಸ್ಸಿನ ಆಳದಲ್ಲಿ ಅಂತ ಕಮ್ಮಟದ ಪುಸ್ತಕ ಹೇಳುತ್ತದೆ. ಬರಹ ಹೇಳುವುದು ಬೇರೆ. ಮಾಸ್ತರ ಹಿಂದೆ ಸರಿದ ಆ ಒಂದು ಹೆಜ್ಜೆಯಲ್ಲಿ ಹುಡುಗನೂ ಕಾಣುತ್ತಾನೆ, ಮಾಸ್ತರನೂ ಕಾಣುತ್ತಾನೆ. ಗಾಡಿಯವನಂತೂ ಇನ್ನೂ ಸೊಗಸಾದ ಪಾತ್ರ. ದುಡ್ಡಿನ ಆಸೆಯನ್ನೂ ಮೈಲಿಗೆಯ ಭಯವನ್ನೂ ಒಟ್ಟಿಗೆ ಹೊತ್ತುಕೊಂಡು ತನ್ನ ಗಾಡಿಯ ಪಕ್ಕದಲ್ಲಿ ತಾನೇ ಕಾಲ್ನಡಿಗೆಯಲ್ಲಿ ಬರುತ್ತಾನೆ. ಯಾವ ಕತೆಗಾರ ಕಟ್ಟಿಯಾನು ಇಂಥವನನ್ನು?

‘ನಿಮ್ಮ ಪಾತ್ರಕ್ಕೆ ಏನು ಬೇಕು? ಅಡ್ಡಿ ಏನು?’ ಅನ್ನುವುದು ಕಮ್ಮಟಗಳ ಇನ್ನೊಂದು ಖಾಯಂ ಚೀಟಿ. ಈ ಲೆಕ್ಕಕ್ಕೆ ಚೋಮನಷ್ಟು ಸರಿಯಾಗಿ ಕೂಡುವ ಪಾತ್ರ ಕನ್ನಡದಲ್ಲಿ ಇನ್ನೊಂದಿಲ್ಲ. ಬೇಸಾಯಗಾರ ಆಗಬೇಕು, ಜಾತಿ ಬಿಡುವುದಿಲ್ಲ. 1933ರಲ್ಲಿ ಕಾರಂತರು ಅಷ್ಟು ನೇರವಾಗಿ ಅದನ್ನು ಬರೆದದ್ದು ಸಣ್ಣ ಮಾತಲ್ಲ. ಆದರೆ ಚೋಮ ಆ ಬಯಕೆ ಮತ್ತು ಆ ಅಡ್ಡಿಯ ಆಚೆಗೆ ಹೆಚ್ಚು ಬೆಳೆಯುವುದಿಲ್ಲ. ಅವನ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿರುವವರು ಮುಟ್ಟಲು ಹಿಂಜರಿಯುತ್ತಾರೆ, ಓದುವ ನಮ್ಮ ಎದೆ ಒಡೆಯುತ್ತದೆ. ಅವನು ಕಡೆಗೆ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಆ ದುಡಿಯೊಳಗೆ ಇದ್ದ ಲೋಕ ಯಾವುದು ಎಂದು ಕೇಳಿದರೆ ಕಾದಂಬರಿ ಅದನ್ನು ದುಃಖ ಎಂದಷ್ಟೇ ಅನುವಾದಿಸಿ ಕೊಡುತ್ತದೆ. ಚೋಮ ನಕ್ಕದ್ದು ನನಗೆ ನೆನಪಿಲ್ಲ.

ಇದರ ಮುಂದೆ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನನ್ನು ಇಟ್ಟು ನೋಡಿ. ಸಾಕವ್ವನಿಗೆ ಏನು ಬೇಕು? ಕಳೆದುಹೋದ ಅವಳ ಹುಂಜ ಬೇಕು. ಅಷ್ಟೇ. ಭೂಮಿ ಅಲ್ಲ, ಗೌರವ ಅಲ್ಲ, ವಿಮೋಚನೆ ಅಲ್ಲ. ಅದನ್ನೇ ಹಿಡಿದು ಮುದುಕಿ ಕೇರಿಯನ್ನೆಲ್ಲ ಎಬ್ಬಿಸಿ ಕೂಡಿಸುತ್ತಾಳೆ. ಎತ್ತಪ್ಪನ ಕಡೆಯಿಂದ ಕದ್ದು ತಂದ ಕಡಲೆಕಾಯನ್ನು ಮನೆ ಮಂದಿಯೆಲ್ಲ ಸುತ್ತ ಕೂತು ರಾತ್ರಿ ತಿನ್ನುವ ಸನ್ನಿವೇಶ ಇದೆಯಲ್ಲ, ಹಸಿವಿನ ಬಗ್ಗೆ ಬರೆದ ಅಷ್ಟು ಸಂಭ್ರಮದ ಪುಟಗಳನ್ನು ನಾನು ಬೇರೆಲ್ಲೂ ಓದಿಲ್ಲ. ಆಮೇಲೆ ಪೊಲೀಸರು ಬರುತ್ತಾರೆ. ವ್ಯವಸ್ಥೆ, ದಬ್ಬಾಳಿಕೆ ಎಲ್ಲ ಆ ಬಾಗಿಲಿನಿಂದಲೇ ಒಳಗೆ ಬರುತ್ತದೆ, ಆದರೆ ಬರುವ ಹೊತ್ತಿಗೆ ಮನೆಯೊಳಗೆ ಮನುಷ್ಯರು ತುಂಬಿಕೊಂಡಿರುತ್ತಾರೆ. ಗೋಡೆಯ ಮೇಲೆ ಪುಟ್ಟಗೌರಿ ಬರೆದ ನವಿಲೂ ಇರುತ್ತದೆ.

ವಸ್ತುವಿಗೆ ಮಾತು ಕೊಡಿ ಅನ್ನುವ ಚೀಟಿಯೂ ಉಂಟು. ಅದಕ್ಕೆ ನಮ್ಮ ಪಕ್ಕದ ಬ್ಯಾಡಗಿ ತಾಲೂಕಿನ ಕಾಗಿನೆಲೆಯೇ ಸಾಕು. ಕನಕದಾಸರ ರಾಮಧಾನ್ಯಚರಿತೆಯಲ್ಲಿ ಭತ್ತ ರಾಗಿಯನ್ನು ಹೀಗಳೆಯುತ್ತದೆ, ರಾಗಿ ತಿರುಗಿ ಬೀಳುತ್ತದೆ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷೆ ಮಾಡುತ್ತಾರೆ. ರಾಗಿಗೆ ಕನಕರು ಬಣ್ಣ, ವಾಸನೆ, ಬಾಲ್ಯದ ನೆನಪು ಕೊಡುತ್ತ ಕೂಡಲಿಲ್ಲ. ಒಂದು ಸಭೆ ಕೊಟ್ಟರು, ಸಭೆಯಲ್ಲಿ ಒಂದು ಅವಮಾನ ಕೊಟ್ಟರು, ಉತ್ತರ ಹೇಳುವ ನಾಲಿಗೆ ಕೊಟ್ಟರು. ‘ಕುಸುಮಬಾಲೆ’ಯಲ್ಲಿ ಮಂಚ ಮಾತಾಡುವುದು, ಜೋತಮ್ಮಗಳು ರಾತ್ರಿ ಸೇರಿ ಮನೆಮನೆಯ ಸುದ್ದಿ ಆಡುವುದು ಈ ದಾರಿಯದೇ ಎಂದು ನನ್ನ ಎಣಿಕೆ. ಮಾಂತ್ರಿಕ ವಾಸ್ತವ ಅಂತ ಅದಕ್ಕೆ ಲ್ಯಾಟಿನ್ ಅಮೆರಿಕದ ಹೆಸರು ಹಚ್ಚುವವರು ಒಂದು ಸಲ ಕಾಗಿನೆಲೆಗೆ ಬಸ್ ಹತ್ತಬಹುದು.

ಇನ್ನು ನಮ್ಮವರ ಮೇಲೆಯೇ ಒಂದು ತಕರಾರು. ದಲಿತ ಸಂಘಟನೆಗಳ ಗೆಳೆಯರೂ ಈಗ ಕಮ್ಮಟ ಮಾಡುತ್ತಾರೆ, ನಾನೂ ಅಂಥ ಒಂದರಲ್ಲಿ ಚೀಟಿ ಬರೆದಿದ್ದೇನೆ. ನಾನು ಬರೆದದ್ದು: ‘ನಿಮಗಾದ ಅವಮಾನವನ್ನು ಒಂದು ಸನ್ನಿವೇಶವಾಗಿಸಿ.’ ಇಪ್ಪತ್ತು ಹಾಳೆ ಬಂದವು. ಇಪ್ಪತ್ತರಲ್ಲೂ ಹೋಟೆಲಿನ ಬೇರೆ ಲೋಟ, ಗುಡಿಯ ಬಾಗಿಲು, ಕಣ್ಣೀರು. ಸುಳ್ಳಲ್ಲ, ಎಲ್ಲ ನಿಜ. ಆದರೆ ಓದುತ್ತ ಹೋದಂತೆ ಪೊಲೀಸ್ ಠಾಣೆಯ ಫಿರ್ಯಾದಿ ಓದಿದ ಹಾಗಾಯಿತು. ಫಿರ್ಯಾದಿಯಲ್ಲಿ ಬರೆದವನಿಗೆ ಮುಖ ಇರುವುದಿಲ್ಲ, ಗಾಯ ಮಾತ್ರ ಇರುತ್ತದೆ. ಚಳವಳಿಯು ನಮ್ಮ ಸಮುದಾಯಗಳ ನೆನಪು, ಕಲೆ, ದೈವಗಳನ್ನೆಲ್ಲ ಅವಮಾನದ ಗುರುತೆಂದು ದೂರ ಇಡುವುದರ ಬಗ್ಗೆ ಡಿ.ಆರ್. ನಾಗರಾಜ್ 90ರ ದಶಕದಲ್ಲೇ ಎಚ್ಚರಿಸಿದ್ದರು. ಅದನ್ನು ಪಾಠ ಮಾಡುವ ನಾನೇ ಚೀಟಿ ಬರೆಯುವಾಗ ಮರೆತಿದ್ದೆ.

ಬಾವಿಯ ಪ್ರಶ್ನೆ ಕೇಳಿದ ಹುಡುಗಿ ಆ ಕಮ್ಮಟಕ್ಕೂ ಬಂದಿದ್ದಳು. ಅವಳ ಹಾಳೆ ಖಾಲಿ. “ಸರ, ನನಗ ಅಂಥಾದ್ದೇನೂ ಆಗಿಲ್ರಿ. ಆಗಿಲ್ಲಂದ್ರ ನಾ ದಲಿತಳಲ್ಲೇನ್ರಿ?” ಎಂದು ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಚೀಟಿ ಹರಿದು, ನಿನ್ನೆ ಮಧ್ಯಾಹ್ನ ಎಲ್ಲಿ ಕೂತು ಉಂಡಿ ಅದನ್ನ ಬರಿ ಅಂದೆ.

ರಜೆಯಲ್ಲಿ ಅವಳು ಅತ್ತೆಯ ಜೊತೆ ಹತ್ತಿ ಬೀಜದ ಪ್ಲಾಟಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮಧ್ಯಾಹ್ನದ ಮೇಲೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯುವುದು, ಮರುದಿನ ಮುಂಜಾನೆ ಬೇರೆ ಗಿಡದ ಹೂವಿನ ಪರಾಗ ತಂದು ಮುಟ್ಟಿಸುವುದು. (ಗಿಡಗಳಿಗೆ ಅಂತರ್ಜಾತಿ ಮದುವೆ ಮಾಡಿಸುವ ಈ ಸೀಮೆ ಬಗ್ಗೆ ಇನ್ನೊಮ್ಮೆ ಬರೆಯಬೇಕು.) ಅವಳು ಬರೆದದ್ದು ಊಟದ ಹೊತ್ತು. ಪ್ಲಾಟಿನ ಬದುವಿಗೆ ಒಂದೇ ಬೇವಿನ ಮರ. ಊರೊಳಗಿನ ನಾಲ್ಕು ಹೆಂಗಸರು ನೆರಳಿನಲ್ಲಿ ಬುತ್ತಿ ಬಿಚ್ಚಿದ್ದಾರೆ. ಅತ್ತೆ ಹೋಗಿ ಪಕ್ಕದಲ್ಲಿ ಕೂತಳು. ಅವರು ಮಾತು ನಿಲ್ಲಿಸದೆ, ಏನೂ ಆಗದವರ ಹಾಗೆ ಒಂದು ಗೇಣು ಸರಿದರು. ಅತ್ತೆಯೂ ಅವರ ಕಡೆಗೆ ಒಂದು ಗೇಣು ಸರಿದಳು. ಅವರು ಮತ್ತೆ ಸರಿದರು. ಅತ್ತೆ ಚಟ್ನಿಯ ಬಗ್ಗೆ ಕೇಳುತ್ತ ಮತ್ತೆ ಸರಿದಳು. ರೊಟ್ಟಿ ಮುಗಿಯುವ ಹೊತ್ತಿಗೆ ಆ ನಾಲ್ವರೂ ಬಿಸಿಲಿನಲ್ಲಿ ಕೂತಿದ್ದರು, ಅತ್ತೆ ಒಬ್ಬಳೇ ನೆರಳಿನಲ್ಲಿ. ‘ಅತ್ತಿ ಕೈ ತೊಳಕೊಂಡು ಕಾಲು ಚಾಚಿದಳು’ ಅನ್ನುವುದು ಕೊನೆಯ ಸಾಲು.

ನಾನು ಮೇಷ್ಟರ ಚಟ ಬಿಡಲಾರದೆ ಒಂದೆರಡು ತಿದ್ದುಪಡಿ ಹೇಳಿದೆ. ಆ ಹೆಂಗಸರ ಜಾತಿ ಸ್ಪಷ್ಟ ಆಗಬೇಕು, ಪ್ಲಾಟಿನ ಯಜಮಾನ ಬಂದು ಬೈಯುವ ಒಂದು ಮಾತಾದರೂ ಬೇಕು, ಇಲ್ಲದಿದ್ದರೆ ನಗೆಚಾಟಿಕೆ ಆಗಿಬಿಡುತ್ತದೆ ಅಂದೆ. “ಅಂವ ಅವತ್ತ ಬಂದಿದ್ದಿಲ್ರಿ” ಅಂದಳು. ಬಂದಿದ್ದಿಲ್ಲ ಅನ್ನುವುದು ಕತೆಗೆ ಕಾರಣ ಆಗಲಾರದು ಎಂದು ನಾನು, ಯಾಕ ಆಗಬಾರದು ಎಂದು ಅವಳು. ಈ ಮಾತು ಇನ್ನೂ ಮುಗಿದಿಲ್ಲ.

ಬರಹವನ್ನು ಕಾಲೇಜಿನ ಭಿತ್ತಿಪತ್ರಿಕೆಗೆ ಹಾಕಿದ್ದೇವೆ, ಅವಳು ಬರೆದ ಹಾಗೆಯೇ. ಹೆಸರು ಮಾತ್ರ ಹಾಕಬೇಡಿ ಎಂದು ಕೇಳಿಕೊಂಡಳು. ಆ ಪ್ಲಾಟಿನವರ ಮಗಳೂ ಅದೇ ತರಗತಿಯಲ್ಲಿ ಓದುತ್ತಾಳೆ, ಬರುವ ಹಂಗಾಮಿಗೆ ಅತ್ತೆ ಮತ್ತೆ ಅಲ್ಲಿಗೇ ಕೆಲಸಕ್ಕೆ ಹೋಗಬೇಕು.