ಡಾಕ್ಟರ್ ಭಾಸ್ಕರನ ಸಿಟ್ಟು

ಹೃಷಿಕೇಶ ಮುಖರ್ಜಿಯವರ ‘ಆನಂದ್’ ಚಲಚ್ಚಿತ್ರವನ್ನು ನೋಡದ ಮುಂಬಯಿ ಕನ್ನಡಿಗರು ವಿರಳ. 1971ರಲ್ಲಿ ಅದು ತೆರೆಗೆ ಬಂದಾಗ ಥಿಯೇಟರಿನಲ್ಲಿ ಕರವಸ್ತ್ರ ಒದ್ದೆ ಮಾಡಿಕೊಂಡವರಿದ್ದಾರೆ. ಮುಂದೆ ಚಾಳಿನ ಒಂದೇ ಟೀವಿಯ ಮುಂದೆ ನೆರೆಕರೆಯವರೊಡನೆ ಕುಳಿತು ಅತ್ತವರಿದ್ದಾರೆ. ಈಗ ಮೊಮ್ಮಕ್ಕಳ ಮೊಬೈಲಿನಲ್ಲಿ ನೋಡಿ ಕಣ್ಣೊರೆಸಿಕೊಳ್ಳುವವರೂ ಇದ್ದಾರೆ. ಇಂಥ ಚಿತ್ರದ ಬಗ್ಗೆ ಹೊಸದಾಗಿ ಬರೆಯುವುದೇನಿದೆ ಎಂದು ಓದುಗರು ಕೇಳಬಹುದು. ನಮಗೂ ಹಾಗೆಯೇ ಅನಿಸಿತ್ತು, ಈಚೆಗೆ ಒಬ್ಬ ಹಿರಿಯ ವೈದ್ಯರ ಮನೆಯಲ್ಲಿ ಅವರೊಡನೆ ಕುಳಿತು ಅದನ್ನು ಮತ್ತೊಮ್ಮೆ ನೋಡುವ ತನಕ. ಉಪನಗರದಲ್ಲಿ ನಲವತ್ತು ವರ್ಷ ದವಾಖಾನೆ ನಡೆಸಿ ವಿಶ್ರಾಂತರಾಗಿರುವ ಈ ನಮ್ಮವರು ಕೊನೆಯ ದೃಶ್ಯದಲ್ಲಿ ಅಳಲಿಲ್ಲ. ದೀಪ ಹಾಕಿದ ಮೇಲೆ, “ಆ ಮೊದಲಿನ ಝೋಪಡಪಟ್ಟಿಯವರು ಮತ್ತೆ ಬರಲೇ ಇಲ್ಲವಲ್ಲ, ಅವರಿಗೇನಾಯಿತು?” ಎಂದು ಕೇಳಿದರು.

ನಾವು ಈ ಚಿತ್ರವನ್ನು ನಾಲ್ಕೈದು ಬಾರಿ ನೋಡಿದ್ದೇವೆ. ಈ ಪ್ರಶ್ನೆ ಒಮ್ಮೆಯೂ ನಮಗೆ ಹೊಳೆದಿರಲಿಲ್ಲ.

ಕತೆಯ ಆರಂಭವನ್ನು ನೆನಪಿಗೆ ತಂದುಕೊಳ್ಳೋಣ. ಕ್ಯಾನ್ಸರ್ ತಜ್ಞ ಭಾಸ್ಕರ ಬ್ಯಾನರ್ಜಿ ತನ್ನ ಗೆಳೆಯನ ಕುರಿತು ಬರೆದ ಪುಸ್ತಕಕ್ಕೆ ಬಹುಮಾನ ಪಡೆಯುತ್ತಾನೆ. ಅಲ್ಲಿಂದ ಕತೆ ಹಿಂದಕ್ಕೆ ಸರಿಯುತ್ತದೆ. ಆಗಿನ್ನೂ ಅಷ್ಟಾಗಿ ಹೆಸರು ಮಾಡಿರದ ಅಮಿತಾಭ್ ಬಚ್ಚನ್ ನಟಿಸಿದ ಈ ಭಾಸ್ಕರ ಮಿತಭಾಷಿ, ಸದಾ ಹುಬ್ಬು ಗಂಟಿಕ್ಕಿದವನು. ಬಡವರ ಕೇರಿಗೆ ಹೋಗಿ ದುಡ್ಡು ಪಡೆಯದೆ ರೋಗಿಗಳನ್ನು ನೋಡುತ್ತಾನೆ. ಆದರೆ ತಾನು ಬರೆದುಕೊಡುವ ಮದ್ದಿನಲ್ಲಿ ಅವನಿಗೇ ನಂಬಿಕೆಯಿಲ್ಲ. ಹಸಿವೆಗೆ ಯಾವ ಗುಳಿಗೆ ಕೊಡುವುದು? ಅತ್ತ, ರೋಗವೇ ಇಲ್ಲದೆ ರೋಗವಿದೆಯೆಂದು ಭ್ರಮಿಸಿ ಬರುವ ಶ್ರೀಮಂತರಿಗೆ ಮದ್ದು ಕೊಡಲು ಅವನು ಒಪ್ಪುವುದಿಲ್ಲ. ನಮ್ಮ ಚಿತ್ರಗಳಲ್ಲಿ ವೈದ್ಯನೆಂದರೆ ಬಹುಮಟ್ಟಿಗೆ ಆಪರೇಷನ್ ಥಿಯೇಟರಿನ ಕೆಂಪು ದೀಪ ಆರಿದ ಕೂಡಲೇ ಹೊರಬಂದು ಒಂದು ಸಾಲು ಹೇಳಿ ಮರೆಯಾಗುವವನು. ಇಲ್ಲಿ ವೈದ್ಯ ಸಿಟ್ಟಾಗಿದ್ದಾನೆ. ಸಿಟ್ಟು ರೋಗದ ಮೇಲಲ್ಲ, ರೋಗವನ್ನು ಸಾಕುತ್ತಿರುವ ಊರಿನ ಮೇಲೆ. ಈ ಮೊದಲ ಭಾಗಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂದೇ ನಮ್ಮ ಅಭಿಪ್ರಾಯ.

ಅವನಿಗೆ ಎದುರಾಗಿ ನಿಂತವನು ಗೆಳೆಯ ಡಾಕ್ಟರ್ ಪ್ರಕಾಶ ಕುಲಕರ್ಣಿ. (ಹೆಸರು ನೋಡಿದರೆ ನಮ್ಮ ಧಾರವಾಡದ ಕಡೆಯವನೂ ಆಗಬಹುದಿತ್ತು!) ರಮೇಶ್ ದೇವ್ ಈ ಪಾತ್ರವನ್ನು ಅಚ್ಚುಕಟ್ಟಾಗಿ ನಿರ್ವಹಿಸಿದ್ದಾರೆ. ಕುಲಕರ್ಣಿಯದು ನರ್ಸಿಂಗ್ ಹೋಮ್. ಸಿರಿವಂತರ ಇಲ್ಲದ ರೋಗಕ್ಕೆ ಮದ್ದು ಕೊಟ್ಟು ಹಣ ಪಡೆದು ಆ ಹಣದಲ್ಲಿ ಬಡವರನ್ನು ನೋಡುವುದು ಅವನ ಲೆಕ್ಕಾಚಾರ. ಚಿತ್ರ ಅವನನ್ನು ಹೀಗಳೆಯುವುದಿಲ್ಲ, ಅದು ಸರಿಯೇ. ಆದರೆ ಭಾಸ್ಕರನ ಹಟ, ಕುಲಕರ್ಣಿಯ ಹೊಂದಾಣಿಕೆ, ಇವೆರಡರ ವಾದ ಎಷ್ಟು ಬೆಳೆಯಬೇಕಿತ್ತೋ ಅಷ್ಟು ಬೆಳೆಯಲಿಲ್ಲ. ಆ ವಾದವನ್ನು ಮುಂದುವರಿಸಿದ್ದು ಸಿನಿಮಾ ಅಲ್ಲ, ನ್ಯಾಯಾಲಯ. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ತಂದಾಗ, ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ನೀಡುವ ಕಡೆ ಕಾಯ್ದೆ ಅನ್ವಯಿಸದು ಎಂದಿತು. ಕೆಲವರಿಂದ ಹಣ ಪಡೆದು ಉಳಿದವರಿಗೆ ಪುಕ್ಕಟೆ ಕೊಡುವ ಕಡೆ ಅನ್ವಯಿಸುತ್ತದೆ, ಅಲ್ಲಿ ಪುಕ್ಕಟೆಯ ರೋಗಿಯೂ ಗ್ರಾಹಕನೇ ಎಂದಿತು. ಎಂದರೆ ಕುಲಕರ್ಣಿಯ ಬಡರೋಗಿಗೆ ಗ್ರಾಹಕ ನ್ಯಾಯಾಲಯದ ದಾರಿ ಉಂಟು, ಪೂರ್ತಿ ಧರ್ಮಾರ್ಥ ದವಾಖಾನೆಯ ಬಡರೋಗಿಗೆ ಇಲ್ಲ. ನಮ್ಮ ಹಿರಿಯ ವೈದ್ಯರಿಗೆ ಈ ತೀರ್ಪಿನ ಬಗ್ಗೆ ಕಹಿಯಿದೆ. “ಅಂದಿನಿಂದ ನಮ್ಮವರು ಪರೀಕ್ಷೆಗಳನ್ನು ಬರೆಯುವುದು ರೋಗಿಗಾಗಿ ಅಲ್ಲ, ನಾಳೆ ಕೋರ್ಟಿನಲ್ಲಿ ತೋರಿಸಲು” ಎನ್ನುತ್ತಾರೆ. ಅವರ ನೋವು ನಮಗೆ ಅರ್ಥವಾಗುತ್ತದೆ, ಮಾತನ್ನು ಪೂರ್ತಿ ಒಪ್ಪಲಾರೆವು. ಬಿಲ್ಲು ಕೈಗಿತ್ತು ಬಾಯಿ ಮುಚ್ಚಿಸುವ ಕೌಂಟರುಗಳನ್ನೂ ನಾವು ಕಂಡಿದ್ದೇವೆ.

ಇಷ್ಟರಲ್ಲಿ ಆನಂದ ಬರುತ್ತಾನೆ, ಎಲ್ಲವೂ ಬದಲಾಗುತ್ತದೆ. ಕರುಳಿನ ಲಿಂಫೋಸಾರ್ಕೋಮ, ಆರು ತಿಂಗಳ ಆಯುಸ್ಸು. ಆದರೂ ನಗು, ಮಾತು, ಬೀದಿಯಲ್ಲಿ ಕಂಡವರನ್ನೆಲ್ಲ ಹೆಸರಿಟ್ಟು ಕರೆಯುವ ಹುಚ್ಚು. ರಾಜೇಶ್ ಖನ್ನಾ ತಮ್ಮ ಜೀವಮಾನದಲ್ಲಿ ಇದಕ್ಕಿಂತ ಚೆನ್ನಾಗಿ ನಟಿಸಿದ್ದಾರೆಂದು ನಮಗೆ ತೋರುವುದಿಲ್ಲ. ಆದರೆ ಗಮನಿಸತಕ್ಕ ಸಂಗತಿಯೆಂದರೆ, ಆನಂದ ನಗಲಾರಂಭಿಸಿದ ಹಾಗೆಲ್ಲ ಭಾಸ್ಕರನ ಸಿಟ್ಟು ಕರಗುತ್ತ ಹೋಗಿ, ಅದರ ಜಾಗದಲ್ಲಿ ದುಃಖ ಬಂದು ಕೂರುತ್ತದೆ. ಊರಿನ ಮೇಲಿದ್ದ ಸಿಟ್ಟು ಒಬ್ಬ ಗೆಳೆಯನ ಮೇಲಿನ ಪ್ರೀತಿಯಾಗಿ ಮಾರ್ಪಡುತ್ತದೆ. ಹಸಿವೆಯ ಪ್ರಶ್ನೆ ಕೇಳಿದ ವೈದ್ಯನಿಗೆ ಸಾವಿನ ಉತ್ತರ ಸಿಕ್ಕಿತು. ಉತ್ತರ ಸುಂದರವೇ, ಆದರೆ ಕೇಳಿದ್ದು ಬೇರೆ. ನಿರ್ದೇಶಕರು ಜಾಣರು, ನಮ್ಮ ಕಣ್ಣು ಮಂಜಾಗಿರುವಾಗಲೇ ಪ್ರಶ್ನೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿಬಿಟ್ಟರು.

ಇದಕ್ಕೆ ಅವರು ಹೂಡಿದ ಉಪಾಯ ರೋಗಿಯನ್ನು ವೈದ್ಯನ ಮನೆಗೇ ಕರೆತಂದದ್ದು. ಆನಂದ ಭಾಸ್ಕರನ ಮನೆಯಲ್ಲಿ ಉಳಿಯುತ್ತಾನೆ, ಅಲ್ಲೇ ಸಾಯುತ್ತಾನೆ. ಆದ್ದರಿಂದ ಸರತಿ ಸಾಲಿಲ್ಲ, ಕೇಸ್ ಪೇಪರಿಲ್ಲ, ನಾಳೆ ಬನ್ನಿ ಎನ್ನುವವರಿಲ್ಲ. ಇದು ಬರೀ ಸಿನಿಮಾ ಎಂದು ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಈ ಭಾಗವನ್ನು ನಮ್ಮ ಜನ ಬದುಕಿದ್ದಾರೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ತೆರೆದಂದಿನಿಂದ ದೇಶದ ಮೂಲೆಮೂಲೆಯ ರೋಗಿಗಳು ಅಲ್ಲಿಗೆ ಬರುತ್ತಿದ್ದಾರೆ. ಕುಂದಾಪುರ, ಕಾರವಾರ, ವಿಜಯಪುರದಿಂದ ರಿಪೋರ್ಟಿನ ಚೀಲ ಹಿಡಿದು ಬಂದವರು ಎಲ್ಲಿ ಉಳಿಯಬೇಕು? ಪರೇಲ್, ದಾದರ್, ಡೊಂಬಿವಲಿಯ ಒಂದು ಖೋಲಿಯ ಮನೆಗಳಲ್ಲಿ. ಯಜಮಾನರು ಹೊರಗೆ ಗ್ಯಾಲರಿಯಲ್ಲಿ ಮಲಗಿ ಒಳಗೆ ನೆಂಟರಿಗೆ ಜಾಗ ಬಿಟ್ಟುಕೊಟ್ಟರು. ಅಮ್ಮಂದಿರು ನಸುಕಿಗೆ ಗಂಜಿ ಮಾಡಿ ಡಬ್ಬಿಗೆ ತುಂಬಿದರು. ಮಕ್ಕಳು ಪರೀಕ್ಷೆಯ ಪಾಠವನ್ನು ಮೆಟ್ಟಿಲ ಮೇಲೆ ಕುಳಿತು ಓದಿದರು. ಹಾಗೆ ಬಂದ ರೋಗಿಗಳೆಲ್ಲ ಆನಂದನಂತೆ ನಗುತ್ತಿರಲಿಲ್ಲ. ಹೆಚ್ಚಿನವರು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು, ಕೆಲವರು ಸಿಡುಕುತ್ತಿದ್ದರು. ಆ ಸಿಡುಕನ್ನು ಸಹಿಸಿಕೊಂಡವರ ಕತೆಯನ್ನು ಯಾರೂ ಚಿತ್ರ ಮಾಡಿಲ್ಲ. ನೆಂಟರಿಲ್ಲದವರಿಗೆ ದಾದರಿನ ಗಾಡ್ಗೆ ಮಹಾರಾಜರ ಧರ್ಮಶಾಲೆ. ಅಲ್ಲೂ ಜಾಗ ಸಿಗದವರಿಗೆ ಆಸ್ಪತ್ರೆಯ ಎದುರಿನ ಫುಟ್‌ಪಾತು. ಆ ಫುಟ್‌ಪಾತು ಇಂದಿಗೂ ಖಾಲಿಯಾಗಿಲ್ಲ.

ವೈದ್ಯನೊಬ್ಬ ಒಳ್ಳೆಯವನಾದರೆ ಸಾಕು ಎಂಬ ಭಾವನೆಯನ್ನು ‘ಆನಂದ್’ ನಮ್ಮಲ್ಲಿ ಬಿತ್ತಿತು. ಹದಿನೈದು ವರ್ಷಗಳ ಬಳಿಕ, 1986ರಲ್ಲಿ, ಇದೇ ನಗರದ ಜೆ.ಜೆ. ಆಸ್ಪತ್ರೆಯಲ್ಲಿ ಔಷಧವೆಂದು ಕೊಟ್ಟ ಗ್ಲಿಸರಾಲಿನಲ್ಲಿ ವಿಷ ಬೆರೆತು 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗದ ವರದಿ ಹೊರಬಂದಾಗ ತಿಳಿದದ್ದು, ಖರೀದಿಯಿಂದ ತಪಾಸಣೆಯವರೆಗೆ, ಔಷಧ ಆಡಳಿತದಿಂದ ಮಂತ್ರಿಗಳ ಕಚೇರಿಯವರೆಗೆ ಹುಳುಕು ಹಬ್ಬಿತ್ತೆಂದು. ವಾರ್ಡಿನಲ್ಲಿ ಅಂದು ಭಾಸ್ಕರನಂಥ ಹತ್ತು ಜನ ವೈದ್ಯರಿದ್ದರೂ ಬಾಟಲಿಯೊಳಗೆ ಏನಿದೆಯೆಂದು ಕಣ್ಣಿನಿಂದ ಹೇಳಲಾಗುತ್ತಿರಲಿಲ್ಲ.

ಚಿತ್ರದಲ್ಲಿ ನಮಗೆ ಇನ್ನೊಂದು ಕೊರಗಿದೆ. ಲಲಿತಾ ಪವಾರ್ ಅಭಿನಯಿಸಿದ ಮೇಟ್ರನ್ ಡಿಸಾ, ಆನಂದನಿಗೆ ತಾಯಿಯಾಗುವ ಆ ಗಡಸು ಹೆಂಗಸು, ಕೆಲವೇ ದೃಶ್ಯಗಳಲ್ಲಿ ಬಂದುಹೋಗುತ್ತಾಳೆ. ರಾತ್ರಿಯಿಡೀ ರೋಗಿಯ ಬಳಿ ಇರುವವಳು ಅವಳು. ಪುಸ್ತಕ ಬರೆದು ಬಹುಮಾನ ಪಡೆಯುವವನು ಡಾಕ್ಟರು. ಚಿತ್ರ ಬಂದ ಎರಡು ವರ್ಷಕ್ಕೆ, 1973ರ ನವೆಂಬರಿನಲ್ಲಿ, ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹಳದೀಪುರದ ಅರುಣಾ ಶಾನಭಾಗ ಆ ಆಸ್ಪತ್ರೆಯಲ್ಲೇ ಅಲ್ಲಿನ ನೌಕರನೊಬ್ಬನ ಹಲ್ಲೆಗೆ ತುತ್ತಾಗಿ ಮತ್ತೆ ಏಳಲಿಲ್ಲ. ನಮ್ಮ ಉತ್ತರ ಕನ್ನಡದ ಆ ಹುಡುಗಿಯನ್ನು ಅಲ್ಲಿನ ನರ್ಸುಗಳು 2015ರ ಮೇ 18ರಂದು ಆಕೆ ತೀರಿಕೊಳ್ಳುವವರೆಗೆ 42 ವರ್ಷ ನೋಡಿಕೊಂಡರು. ಒಬ್ಬರು ನಿವೃತ್ತರಾದರೆ ಇನ್ನೊಬ್ಬರು. 2011ರಲ್ಲಿ ಆಕೆಗೆ ದಯಾಮರಣ ಬೇಡುವ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಬೇಡವೆಂದವರೂ ಅವರೇ, ನ್ಯಾಯಾಲಯ ಮನ್ನಿಸಿದ್ದೂ ಅವರ ಮಾತನ್ನೇ. ವೈದ್ಯಲೋಕದ ಹತಾಶೆಯ ಬಗ್ಗೆ ಮಾತಾಡುವವರು ಆ ವಾರ್ಡಿನ ಪಕ್ಕದ ಕೋಣೆಯನ್ನು ಮರೆಯಬಾರದಿತ್ತು.

ಹಸಿವೆಗೆ ಗುಳಿಗೆ ಇಲ್ಲವೆಂಬ ಭಾಸ್ಕರನ ಮಾತಿಗೆ ಮರಳೋಣ. ಅದು ಆದರ್ಶವಾದಿಯ ಗೊಣಗಾಟವೆಂದು ಬಹಳ ಜನ ತಿಳಿದರು. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆಯಂಥ ರೇಷನ್ ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಹೆಚ್ಚುವರಿ ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡಾ 40ರಷ್ಟು ಕಡಿಮೆಯಾಯಿತು. ಗುಳಿಗೆಯೇ ಅಲ್ಲದ ಗುಳಿಗೆ! ಐವತ್ತೆರಡು ವರ್ಷ ತಡವಾಗಿ ಭಾಸ್ಕರನಿಗೆ ಸಿಕ್ಕಿದ ಉತ್ತರವಿದು. ಈ ಸುದ್ದಿಯನ್ನು ಹೇಳಿದಾಗ ನಮ್ಮ ವೈದ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ಚಿತ್ರದ ಕೊನೆಗೆ ಒದ್ದೆಯಾಗದ ಕಣ್ಣು ಆಗ ಒದ್ದೆಯಾಗಿತ್ತೋ ಏನೋ, ನಾವು ಕೇಳಲಿಲ್ಲ.

ಕೇಳಲು ಸಮಯವೂ ಇರಲಿಲ್ಲ. ಅಷ್ಟರಲ್ಲಿ ಅವರ ಫೋನು ಬಾರಿಸಿತು. ಊರಿನ ಪರಿಚಯದವರು ಯಾರೋ ಮತ್ಸ್ಯಗಂಧ ರೈಲಿನಲ್ಲಿ ಬರುತ್ತಿದ್ದಾರೆ, ತಾಯಿಗೆ ಗಂಟಲಲ್ಲಿ ಗಡ್ಡೆ. ವೈದ್ಯರು ಕುರ್ಲಾದಲ್ಲಿ ಇಳಿದು ಪರೇಲಿಗೆ ಹೇಗೆ ಹೋಗಬೇಕು, ಎಷ್ಟು ಹೊತ್ತಿಗೆ ಸಾಲಿನಲ್ಲಿ ನಿಲ್ಲಬೇಕು, ಯಾವ ಯಾವ ಕಾಗದ ಕೈಯಲ್ಲಿರಬೇಕು ಎಂದು ನಿಧಾನವಾಗಿ, ಎರಡೆರಡು ಸಲ ಹೇಳಿದರು. ಕೊನೆಗೆ, “ಉಳಿಯಲು ನಮ್ಮಲ್ಲಿಗೇ ಬನ್ನಿ” ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಮನೆಯಾಕೆ ಎಷ್ಟು ಜನ ಎಂದು ಬೆರಳೆತ್ತಿ ಸನ್ನೆಯಲ್ಲೇ ಕೇಳಿದರು.