ಎರಡು ಹುಂಜಗಳ ಕೂಗು

ಗೋಕಾಕ ಸೀಮೆಯ ಮೇಲವಂಕಿಯಂತಹ ಊರುಗಳಲ್ಲಿ ಹುಂಜದ ಕೂಗೆಂದರೆ ಬೆಳಗಾಯಿತೆಂಬ ಸೂಚನೆ. ಅದರಲ್ಲಿ ಹೆಚ್ಚಿನ ಅರ್ಥವನ್ನು ಯಾರೂ ಹುಡುಕುವುದಿಲ್ಲ. ಆದರೆ ಪಾಪ ಮತ್ತು ಪಶ್ಚಾತ್ತಾಪಗಳನ್ನು ಕುರಿತ ಎರಡು ಮಹತ್ವದ ಕಥನಗಳು ಈ ಕೂಗಿನ ಸುತ್ತಲೇ ಹೆಣೆದುಕೊಂಡಿವೆ. ಒಂದು, ಕ್ರೈಸ್ತರ ಸುವಾರ್ತೆಗಳಲ್ಲಿ ಬರುವ ಪೇತ್ರನ ಪ್ರಸಂಗ. ಇನ್ನೊಂದು, ಜನ್ನಕವಿಯ ‘ಯಶೋಧರ ಚರಿತೆ’. ಬೆಳಗಾವಿಯ ಕಮಲ ಬಸದಿ 1204ರಲ್ಲಿ ನಿರ್ಮಾಣವಾದ ಐದು ವರ್ಷಗಳಿಗೆ, 1209ರಲ್ಲಿ, ರಚಿತವಾದ ಕಾವ್ಯವಿದು.

ಗುರುವನ್ನು ಎಂದಿಗೂ ಕೈಬಿಡೆನೆಂದು ನುಡಿದಿದ್ದ ಪೇತ್ರನು, ಗುರುವಿನ ಬಂಧನವಾದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತ ಕುಳಿತು, ದಾಸಿಯೊಬ್ಬಳ ಪ್ರಶ್ನೆಗೆ ಬೆದರಿದನು. ಹೀಗೆ ಮೂರು ಬಾರಿ ಆತನನ್ನು ಅರಿಯೆನೆಂದನು. ಹುಂಜ ಕೂಗಿತು, ಪೇತ್ರನು ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತನು. ಇಲ್ಲಿನ ಪ್ರಲೋಭನೆ ಹೊನ್ನಲ್ಲ, ಹೆಣ್ಣಲ್ಲ, ಪ್ರಾಣಭಯ. ಗುರುವನ್ನು ಹಿಡಿದುಕೊಟ್ಟ ಯೂದನೂ ಮರುಗಿ ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದನು, ಆದರೆ ಹತಾಶನಾಗಿ ನೇಣು ಹಾಕಿಕೊಂಡನು. ಪೇತ್ರನಾದರೋ ಉಳಿದು, ತಾನು ಅಲ್ಲಗಳೆದವನ ಮುಂದೆ ಮತ್ತೆ ನಿಂತನು. ಕ್ರೈಸ್ತ ದೃಷ್ಟಿಯಲ್ಲಿ ಪಶ್ಚಾತ್ತಾಪವೆಂದರೆ ಬರಿಯ ದುಃಖವಲ್ಲ, ಹಿಂದಿರುಗುವಿಕೆ. ಅದಕ್ಕೆ ಉತ್ತರವಾಗಿ ಕ್ಷಮೆ ದೊರೆಯುತ್ತದೆ.

ಜನ್ನನ ಹುಂಜ ಹಿಟ್ಟಿನದು. ಯಶೋಧರನು ಅದನ್ನು ಕಡಿದಾಗ ಅದು ಕೂಗಿತು. ಅರಸನ ಮನಸ್ಸು ಕಲಕಿತು. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾಗಿ ತಿರ್ಯಗ್ಜನ್ಮಗಳಲ್ಲಿ ಬಳಲಬೇಕಾಯಿತು. ಹಿಟ್ಟಿನ ಕೋಳಿಗೆ ಇಷ್ಟು ದಂಡವೇ ಎಂದು ಓದುಗರು ಕೇಳುವುದುಂಟು. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ಉತ್ತರ ಸಿದ್ಧವಾಗಿದೆ. ಕಾಮದೃಷ್ಟಿಯೇ ಹೃದಯದ ವ್ಯಭಿಚಾರವೆಂದ ಕ್ರಿಸ್ತನ ಬೋಧೆಗೂ ಇದು ದೂರವಲ್ಲ. ಆದರೆ ಕಾವ್ಯವನ್ನು ನಿಧಾನವಾಗಿ ಓದಿದವರಿಗೆ ಪತನವು ಇನ್ನೂ ಹಿಂದೆಯೇ ಆರಂಭವಾದುದು ಕಾಣುತ್ತದೆ. ಅಷ್ಟಾವಂಕನೊಡನೆ ಅಮೃತಮತಿಯನ್ನು ಕಂಡಾಗ ಎತ್ತಿದ ಕತ್ತಿಯನ್ನು ತಡೆದ ಧೀರನು, ಮರುದಿನ ತಾಯಿಗೆ ನಿಜವನ್ನು ಮರೆಸಿ ಕೆಟ್ಟ ಕನಸಿನ ಮಾತನ್ನಾಡಿದನು. ಆ ಸುಳ್ಳೇ ಬಲಿಯ ಸಲಹೆಯನ್ನು ತಂದಿತು. ವ್ರತವೂ ಉಳಿಯಲಿ, ತಾಯಿಯೂ ನೋಯದಿರಲಿ ಎಂಬ ಅನುಕೂಲದ ಆಸೆಯೇ ಅವನ ಪ್ರಲೋಭನೆ. ಕ್ರೋಧವನ್ನು ಗೆದ್ದವನು ದಾಕ್ಷಿಣ್ಯಕ್ಕೆ ಸೋತನು. ಬಸದಿಯ ಆಡಳಿತದಲ್ಲಿ ಕುಳಿತವರಿಗೆ ಇದು ಅಪರಿಚಿತವಾದ ಸೋಲಲ್ಲ.

ಜನ್ನನಲ್ಲಿ ಕೊರತೆಯೂ ಇದೆ. ಹಾಡಿನ ಇಂಪಿಗೆ ಮರುಳಾದ ಅಮೃತಮತಿಯ ಒಳಮನಸ್ಸನ್ನು ಅಷ್ಟು ಸೂಕ್ಷ್ಮವಾಗಿ ಚಿತ್ರಿಸಿದ ಕವಿ, ವಿಷವಿಕ್ಕಿದ ಅವಳಿಗೆ ಪಶ್ಚಾತ್ತಾಪದ ಒಂದು ಗಳಿಗೆಯನ್ನೂ ಕೊಡದೆ ನರಕಕ್ಕೆ ಕಳುಹಿಸುತ್ತಾನೆ. ಕಲ್ಲೆಸೆಯಲು ನೆರೆದವರ ನಡುವೆ ವ್ಯಭಿಚಾರದ ಆರೋಪ ಹೊತ್ತವಳನ್ನು ಉಳಿಸಿ, ಇನ್ನು ಪಾಪ ಮಾಡಬೇಡವೆಂದು ಕಳುಹಿದ ಸುವಾರ್ತೆಯ ಪ್ರಸಂಗದ ಮುಂದೆ ಇದು ಬಿರುಸಾಗಿ ತೋರುತ್ತದೆ. ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳಿದ ‘ತತ್ತ್ವಾರ್ಥಸೂತ್ರ’ದ ಪರಂಪರೆಗೆ ಈ ಬಿರುಸು ಅನಿವಾರ್ಯವಾಗಿರಲಿಲ್ಲ.

ಆ ಒಂಬತ್ತರಲ್ಲಿ ಮೊದಲನೆಯದು ಆಲೋಚನೆ, ಎಂದರೆ ತನ್ನ ದೋಷವನ್ನು ಗುರುವಿನ ಮುಂದೆ ಮರೆಮಾಚದೆ ನುಡಿಯುವುದು. ಕಾವ್ಯದಲ್ಲಿ ಅಭಯರುಚಿಯು ತನ್ನ ಹಿಂದಿನ ಭವಗಳ ತಪ್ಪನ್ನು ನುಡಿಯುವುದು ಗುರುವಿನ ಮುಂದಲ್ಲ, ತನ್ನನ್ನು ಬಲಿಗೊಡಲು ನಿಂತ ಮಾರಿದತ್ತನ ಮುಂದೆ. ಕರ್ಮಫಲವನ್ನು ಯಾರೂ ಮನ್ನಿಸಲಿಲ್ಲ. ಆದರೆ ಆ ಮಾತನ್ನು ಕೇಳಿದ ಮಾರಿದತ್ತನು ಬಲಿಯನ್ನು ನಿಲ್ಲಿಸಿದನು.