ಒಂದು ತಲೆ, ಎರಡು ಬಾಲ: ಈ ಚಿತ್ರ ಸಾಕೆ?

ಕೋಶಪೊರೆಯ ಪಾಠ ಬಂದಾಗಲೆಲ್ಲ ನಾವು ಕರಿಹಲಗೆಯ ಮೇಲೆ ಒಂದು ಸೊನ್ನೆ ಬರೆದು, ಅದರ ಕೆಳಗೆ ಎರಡು ಗೆರೆ ಎಳೆಯುತ್ತೇವೆ. ಸೊನ್ನೆ ನೀರನ್ನು ಬಯಸುವ ತಲೆ; ಗೆರೆಗಳು ನೀರಿನಿಂದ ದೂರ ಸರಿಯುವ ಬಾಲಗಳು. ಫಾಸ್ಫೊಲಿಪಿಡ್‌ನ ಪಾಠ ಅಲ್ಲಿಗೆ ಮುಗಿಯುತ್ತದೆ. ಈ ಚಿತ್ರ ತಪ್ಪಲ್ಲ. ಪೊರೆಯಲ್ಲಿ ಎರಡು ಪದರಗಳೇಕೆ ಎಂಬುದನ್ನು ಅದು ಚೆನ್ನಾಗಿಯೇ ತಿಳಿಸುತ್ತದೆ. ಆದರೆ ಎರಡು ಬಾಲಗಳನ್ನೂ ಒಂದೇ ಬಗೆಯಲ್ಲಿ, ಎಲ್ಲ ತಲೆಗಳನ್ನೂ ಒಂದೇ ಸೊನ್ನೆಯಾಗಿ ಬರೆದರೆ ಅಣುವಿನ ರಸಾಯನವೇ ಮರೆಯಾಗುತ್ತದೆ ಎಂಬುದು ನನ್ನ ಆಕ್ಷೇಪ.

ಸಾಮಾನ್ಯ ಫಾಸ್ಫೊಲಿಪಿಡ್‌ನ ಬೆನ್ನೆಲುಬು ಗ್ಲಿಸರಾಲ್. ಅದರ ಮೂರು ಕಾರ್ಬನ್‌ಗಳ ಪೈಕಿ ಎರಡಕ್ಕೆ ಮೇದಾಮ್ಲಗಳು ಎಸ್ಟರ್ ಬಂಧದಿಂದ ಸೇರಿರುತ್ತವೆ. ಮೂರನೆಯದಕ್ಕೆ ಫಾಸ್ಫೇಟ್, ಫಾಸ್ಫೇಟಿಗೆ ಕೋಲೀನ್ ಅಥವಾ ಸೆರೀನ್‌ನಂಥ ಗುಂಪು. ಸಾಮಾನ್ಯವಾಗಿ ಮೊದಲ ಕಾರ್ಬನ್ನಿನ ಮೇದಾಮ್ಲ ಪರ್ಯಾಪ್ತ, ಎರಡನೆಯದು ಅಪರ್ಯಾಪ್ತ. ಅಪರ್ಯಾಪ್ತ ಸರಪಳಿ ಸಿಸ್ ದ್ವಿಬಂಧವಿರುವಲ್ಲಿ ಬಾಗುತ್ತದೆ. ಬಾಗಿದ ಸರಪಳಿಗಳು ಒತ್ತೊತ್ತಾಗಿ ನಿಲ್ಲಲಾರವು.

ಇದರ ಪರಿಣಾಮ ಸಣ್ಣದಲ್ಲ. ಎರಡೂ ಬಾಲ ಪಾಮಿಟಿಕ್ ಆಮ್ಲದ್ದಾದ ಲೆಸಿಥಿನ್‌ನ ಪೊರೆ ಸುಮಾರು 41 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಜೆಲ್‌ನಂತೆ ಬಿಗಿದಿರುತ್ತದೆ. ಎರಡನೆಯ ಬಾಲವನ್ನು ಓಲಿಯಿಕ್ ಆಮ್ಲಕ್ಕೆ ಬದಲಿಸಿದರೆ ಅದು ಸೊನ್ನೆ ಡಿಗ್ರಿಯಲ್ಲೂ ಹರಿಯಬಲ್ಲದು. ನಮ್ಮ ಮೈಯ ಉಷ್ಣತೆ 37 ಡಿಗ್ರಿ. ಒಂದೇ ಒಂದು ದ್ವಿಬಂಧ ಏನು ಮಾಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ನಾಗರಹಾವಿನ ವಿಷದಲ್ಲಿರುವ ಫಾಸ್ಫೊಲಿಪೇಸ್ ಎ2 ಎಂಬ ಕಿಣ್ವ ಕತ್ತರಿಸುವುದು ಎರಡನೆಯ ಕಾರ್ಬನ್ನಿನ ಎಸ್ಟರ್ ಬಂಧವನ್ನೇ. ಉಳಿಯುವ ಒಂಟಿಬಾಲದ ಅಣು ಪದರವಾಗಿ ನಿಲ್ಲದೆ ಸಾಬೂನಿನಂತೆ ವರ್ತಿಸಿ ಪೊರೆಯನ್ನು ಕೆಡಿಸುತ್ತದೆ. ಬಾಲಗಳೆರಡೂ ಒಂದೇ ಎಂದು ಕಲಿತ ವಿದ್ಯಾರ್ಥಿಗೆ ‘ಎರಡನೆಯದೇ ಏಕೆ?’ ಎಂಬ ಪ್ರಶ್ನೆ ಹೊಳೆಯುವುದಾದರೂ ಹೇಗೆ?

ಈ ಭೇದಗಳೇ ಇಂದಿನ ಸಂಶೋಧನೆಯ ವಸ್ತು. ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅಲ್ಲಿನ ಸತ್ಯಜಿತ್ ಮೇಯರ್, ಭೌತವಿಜ್ಞಾನಿ ಮದನ್ ರಾವ್ ಮತ್ತು ಸಂಗಡಿಗರು 2015ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಒಂದು ಮುಖ್ಯ ಫಲಿತಾಂಶ ಪ್ರಕಟಿಸಿದರು. ಪೊರೆಯ ಹೊರಪದರದಲ್ಲಿ ಲಿಪಿಡ್‌ಗೆ ಅಂಟಿಕೊಂಡ ಕೆಲವು ಪ್ರೋಟೀನುಗಳು ಗುಂಪುಗೂಡಲು ಒಳಪದರದ ಫಾಸ್ಫಟೈಡಿಲ್‌ಸೆರೀನ್ ಬೇಕು. ಅದಕ್ಕೆ ಉದ್ದನೆಯ ಪರ್ಯಾಪ್ತ ಬಾಲವೂ ಇರಬೇಕು. ಇಲ್ಲಿ ತಲೆ ಯಾವುದು, ಬಾಲ ಎಂಥದು ಎಂಬೆರಡೂ ಮುಖ್ಯ. ನಮ್ಮ ಚಿತ್ರದಲ್ಲಿ ಎರಡೂ ಇಲ್ಲ.

ಪರಿಹಾರ ಕಷ್ಟವೇನಲ್ಲ. ಒಂದು ಗೆರೆಯನ್ನು ನೇರವಾಗಿ, ಇನ್ನೊಂದನ್ನು ಬಾಗಿಸಿ ಎಳೆಯೋಣ. ತಲೆಯಲ್ಲಿ ಫಾಸ್ಫೇಟಿನ ಋಣ ಆವೇಶವನ್ನೂ ಕೋಲೀನ್‌ನ ಧನ ಆವೇಶವನ್ನೂ ಗುರುತಿಸೋಣ. ಅರ್ಧ ನಿಮಿಷ ಹೆಚ್ಚು ಬೇಕಾದೀತು. ವಿದ್ಯಾರ್ಥಿಗೆ ಮಾತ್ರ ಕಂಠಪಾಠದ ಚಿತ್ರದ ಬದಲು ಒಂದು ಅಣು ಸಿಗುತ್ತದೆ.